ಮಗ್ಗದ ಸದ್ದು ಮತ್ತು ಮಂದವಾಗುವ ಕಿವಿ

ಪ್ರಶ್ನೆ: ದೊಡ್ಡಬಳ್ಳಾಪುರದಲ್ಲಿ 22 ವರ್ಷಗಳಿಂದ ವಿದ್ಯುತ್ ಮಗ್ಗ ನಡೆಸುತ್ತಿರುವ ನಮ್ಮ ಯಜಮಾನರಿಗೆ ಮಾತು ಕೇಳಿಸಿದರೂ ಪದಗಳು ಸ್ಪಷ್ಟವಾಗುವುದಿಲ್ಲ, ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ನೋವಾಗಲಿ ಸೋರಿಕೆಯಾಗಲಿ ಇಲ್ಲ. ಗುಗ್ಗೆ ಕಟ್ಟಿರಬಹುದೆಂದು ಎಣ್ಣೆ ಬಿಡುತ್ತಿದ್ದೇವೆ. ಕಾರಣವೇನು?

ಉತ್ತರ: ತಾಯಿ, ಎಣ್ಣೆ ಬಿಡುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ; ಕಿವಿಯ ತಮಟೆಯಲ್ಲಿ ರಂಧ್ರವಿದ್ದರೆ ಅದರಿಂದ ಸೋಂಕು ತಗಲಬಹುದು. ಗುಗ್ಗೆ ಅಡ್ಡವಾದಾಗ ಅಥವಾ ಮಧ್ಯಕಿವಿಯಲ್ಲಿ ಕೀವು ತುಂಬಿದಾಗ ಒಟ್ಟಾರೆ ಧ್ವನಿಯೇ ಮಂದವಾಗುತ್ತದೆ, ಅದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ನೀವು ಬರೆದಿರುವ ಲಕ್ಷಣಗಳಾದರೋ ಒಳಕಿವಿಯ ಹಾನಿಯನ್ನು ಸೂಚಿಸುತ್ತವೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾದಲ್ಲಿ ಸುಮಾರು 15,000 ರೋಮಕೋಶಗಳಿದ್ದು, ಧ್ವನಿಯ ಕಂಪನವನ್ನು ನರಸಂದೇಶವಾಗಿ ಮಾರ್ಪಡಿಸುವ ಇವು ನಿರಂತರ ಗದ್ದಲದಿಂದ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಧ್ವನಿಯನ್ನು ಗ್ರಹಿಸುವ ಕೋಶಗಳೇ ಮೊದಲು ನಾಶವಾಗುವುದರಿಂದ ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಜಾರಿಹೋಗುತ್ತವೆ. ‘ಸಾಲು’ ಯಾವುದು, ‘ಕಾಲು’ ಯಾವುದು ಎಂದು ತಿಳಿಯದೆ ಅವರು ಮತ್ತೆ ಮತ್ತೆ ಕೇಳುವುದು ಅಲಕ್ಷ್ಯದಿಂದಲ್ಲ ಎಂಬುದನ್ನು ಮನೆಯವರೆಲ್ಲರೂ ಅರಿಯಬೇಕು.

85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕಳೆಯುವುದೇ ಮಿತಿ. ಸದ್ದು 3 ಡೆಸಿಬಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ವಯಸ್ಸು, ಮಧುಮೇಹ, ಹಿಂದೆ ಕ್ಷಯಕ್ಕೆ ಪಡೆದ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಕೂಡ ಕಾರಣವಾಗಿರಬಹುದಾದ್ದರಿಂದ ವೈದ್ಯರಿಗೆ ಎಲ್ಲವನ್ನೂ ತಿಳಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಹೋದ ಕೋಶಗಳು ಮರಳಿ ಬಾರವಾದರೂ ಶ್ರವಣ ಸಾಧನದಿಂದ ಮಾತುಕತೆ ಸುಲಭವಾದೀತು. ಇನ್ನು ಮುಂದೆ ಮಗ್ಗದ ಬಳಿ ಹತ್ತಿಯನ್ನು ನೆಚ್ಚದೆ, ಕಿವಿಗೆ ಸರಿಯಾಗಿ ಕೂರುವ ರಕ್ಷಕವನ್ನೇ ಧರಿಸಲಿ.