ಶುಗರ್ ಇಳಿದಾಗ ಸಕ್ಕರೆಗೆ ಹೆದರಬೇಡಿ

ಪೆರ್ಲದ ಓದುಗರೊಬ್ಬರ ಪತ್ರ: ಮಾವನವರಿಗೆ 72 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಏಕಾದಶಿಯಂದು ಮಾತ್ರೆ ನುಂಗಿ, ಬರೀ ಹೊಟ್ಟೆಯಲ್ಲಿ ಅಡಿಕೆ ಹೆಕ್ಕಲು ತೋಟಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅಂಗಿ ಒದ್ದೆಯಾಗುವಷ್ಟು ಬೆವರು, ಕೈ ನಡುಕ, ಕಾರಣವಿಲ್ಲದ ಸಿಡುಕು. ಶುಗರ್ ಮೀಟರಿನಲ್ಲಿ 48. “ಶುಗರ್ ಇದ್ದವರಿಗೆ ಸಕ್ಕರೆ ಕೊಡುವುದು ಹೇಗೆಂದು ಹೆದರಿ ಗಂಜಿ ಬೇಯುವ ತನಕ ಕಾದೆವು. ಸರಿಯಾ?”

ಪ್ರಿಯ ಸೋದರಿ,

ಕಾಯಬಾರದಿತ್ತು. ಆದರೆ ಮೀಟರಿನಲ್ಲಿ ನೋಡಿದಿರಲ್ಲ, ಅದು ತುಂಬ ಒಳ್ಳೆಯ ಕೆಲಸ.

70ಕ್ಕಿಂತ ಕೆಳಗಿಳಿದರೆ ಲೋ ಶುಗರ್. 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೇ ಗ್ಲೂಕೋಸ್ ಸಾಲುವುದಿಲ್ಲ. ಆ ಸಿಡುಕು ಅಲ್ಲಿಂದ ಬಂದದ್ದು, ಪ್ರಾಯದ ಸಿಟ್ಟಲ್ಲ. ಆ ಹೊತ್ತಿಗೆ ಸಕ್ಕರೆಯೇ ಮದ್ದು. ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ. ಅದಿಲ್ಲದಿದ್ದರೆ ಅಷ್ಟೇ ಸಕ್ಕರೆ. ಗಂಜಿ, ಬಿಸ್ಕತ್ತು, ಚಾಕೊಲೇಟ್ ಎಲ್ಲ ನಿಧಾನ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. 70 ದಾಟಿದ ಮೇಲೆ ಗಂಜಿ ಊಟ ಮಾಡಲಿ.

ಮಾವನವರ ಡಾಕ್ಟರ ಚೀಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಶುಗರ್ ಮದ್ದು ಇದೆಯಾ ನೋಡಿ. ಗ್ಲಿಮೆಪಿರೈಡ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುವುದೂ ಉಂಟು. ಇದ್ದರೆ ಸಕ್ಕರೆ ಬೇಗ ಜೀರ್ಣವಾಗುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ತೋಟಕ್ಕೆ ಹೋಗುವಾಗ ಬೈರಾಸಿನ ಮೂಲೆಗೆ ಒಂದು ಪೊಟ್ಟಣ ಕಟ್ಟಿಕೊಂಡು ಹೋಗಲಿ.

ಒಮ್ಮೆ ಸರಿಯಾಯಿತೆಂದು ನಿಶ್ಚಿಂತೆಯಿಂದ ಇರಬೇಡಿ. ಗ್ಲಿಮೆಪಿರೈಡ್ ಇಡೀ ದಿನ ಕೆಲಸ ಮಾಡುತ್ತದೆ. ಕಿಡ್ನಿ ಸೋತಿದ್ದರೆ ಇನ್ನೂ ಜಾಸ್ತಿ ಹೊತ್ತು. ಸಂಜೆಗೋ ನಡುರಾತ್ರಿಗೋ ಮತ್ತೆ ಇಳಿಯಬಹುದು. ಅದಕ್ಕೇ ಇಂಥ ಮಾತ್ರೆಯಿಂದ ಹೀಗಾದರೆ ಅಂದೇ ಆಸ್ಪತ್ರೆಗೆ ತೋರಿಸಬೇಕು. ಎಚ್ಚರ ತಪ್ಪಿದರಂತೂ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

“ಮಂಗಳೂರಿನ ಡಾಕ್ಟರಿಗೆ ಹೇಳುವುದು ಬೇಡ ಅಂತಾರೆ ಮಾವ” ಎಂದೂ ಬರೆದಿದ್ದೀರಿ. ದಯವಿಟ್ಟು ಹೇಳಿ. ಉಪವಾಸ ಮಾಡಿದ್ದಕ್ಕೆ ಬೈಸಿಕೊಳ್ಳಬೇಕಲ್ಲಾ ಅಂತ ಅವರಿಗೆ ಸಂಕೋಚ ಇರಬಹುದು. ಆದರೆ ಈ ವಿಷಯ ಗೊತ್ತಾಗದೆ ಡಾಕ್ಟರು ಮಾತ್ರೆ ಬದಲಿಸುವುದು ಹೇಗೆ? ಆ 48, ದಿನ, ಗಂಟೆ, ಏನು ತಿಂದಿದ್ದರು, ಎಲ್ಲವನ್ನೂ ಚೀಟಿಯ ಹಿಂದೆ ಬರೆದುಕೊಂಡು ಹೋಗಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಏಕಾದಶಿಯಂದು ಮಾತ್ರೆ ಬಿಡಬೇಕೋ, ಕಡಿಮೆ ಮಾಡಬೇಕೋ ಎಂದು ಮೊದಲೇ ಕೇಳಿ. ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಮಾಡಿಸಿ. ಈ ಪ್ರಾಯದಲ್ಲಿ ಶುಗರನ್ನು ಅಷ್ಟು ಬಿಗಿಯಾಗಿ ಹಿಡಿಯಬೇಕಾ ಎಂದೂ ವಿಚಾರಿಸಿ. ಒಂಟಿಯಾಗಿ ಕೊಟ್ಟರೆ ಲೋ ಶುಗರ್ ಮಾಡುವುದು ತೀರ ಅಪರೂಪವಾದ ಮಾತ್ರೆಗಳೂ ಇವೆ. ಮಾವನವರಿಗೆ ಅವು ಆಗುತ್ತವೋ ಎಂದು ಕೇಳಲು ಹಿಂಜರಿಯಬೇಡಿ.

ಸಂಪಾದಕ