ಪೈಪೋಟಿಗೆ ಬಿದ್ದ ಇಬ್ಬರು ಕಳ್ಳರ ನಡುವೆ ಪ್ರೀತಿ ಹುಟ್ಟುವುದನ್ನು ನಂಬುವಂತೆ ತೋರಿಸುವುದು ಹೇಗೆ?

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಒಬ್ಬರನ್ನೊಬ್ಬರು ಮೀರಿಸಲು ಹೊರಟ ಇಬ್ಬರು ಜೇಬುಗಳ್ಳರ ಕಥೆಯನ್ನು ಕಿರುಚಿತ್ರವಾಗಿ ಬರೆಯುತ್ತಿರುವುದಾಗಿಯೂ, ಅವರ ಪ್ರೀತಿ ಮಾತ್ರ ಕೃತಕವಾಗಿ ಕಾಣುತ್ತಿರುವುದಾಗಿಯೂ ತಿಳಿಸಿದ್ದೀರಿ. ನಾನು ಬಳ್ಳಾರಿಯವನು, ಕನ್ನಡ, ತೆಲುಗು, ಹಿಂದಿ ಎನ್ನದೆ ಈ ಬಗೆಯ ಚಿತ್ರಗಳನ್ನು ಹುಡುಕಿ ನೋಡುತ್ತೇನೆ. ನನ್ನ ಅಭಿಪ್ರಾಯದಲ್ಲಿ, ಇಂಥ ಜೋಡಿ ಮೊದಲು ಮನಸೋಲಬೇಕಾದದ್ದು ರೂಪಕ್ಕಲ್ಲ, ಪರಸ್ಪರರ ಕೈಚಳಕಕ್ಕೆ.

ಅರ್ನ್ಸ್ಟ್ ಲುಬಿಚ್ ನಿರ್ದೇಶಿಸಿದ 1932ರ ‘ಟ್ರಬಲ್ ಇನ್ ಪ್ಯಾರಡೈಸ್’ ಚಿತ್ರವನ್ನು ದಯವಿಟ್ಟು ನೋಡಿ. ವೆನಿಸ್‌ನ ಹೋಟೆಲೊಂದರಲ್ಲಿ ಗ್ಯಾಸ್ಟನ್ ಮತ್ತು ಲಿಲಿ ಎಂಬ ಕಳ್ಳರು ಸಿರಿವಂತ ಮನೆತನದವರ ಸೋಗಿನಲ್ಲಿ ಊಟಕ್ಕೆ ಕುಳಿತಿರುತ್ತಾರೆ. ‘ನೀವು ಕಳ್ಳ’ ಎಂದು ಲಿಲಿ ಅವನಿಗೆ ತಣ್ಣಗೆ ಹೇಳಿ, ಹಿಂದೆಯೇ ಉಪ್ಪು ಕೇಳುತ್ತಾಳೆ. ಅವನು ಉಪ್ಪು ಕೊಡುತ್ತಾನೆ. ತನ್ನ ಜೇಬಿನಿಂದ ಅವಳು ಪಾಕೀಟು ಎಗರಿಸಿದ್ದು ತನಗೂ ತಿಳಿದಿದೆ ಎನ್ನುತ್ತಾನೆ. ಆಮೇಲೆ ಒಂದೊಂದೇ ವಸ್ತು ಹೊರಬರುತ್ತದೆ. ಅವನು ಅವಳ ಬ್ರೂಚನ್ನು, ಅಂದರೆ ಉಡುಪಿಗೆ ಸಿಕ್ಕಿಸುವ ಒಡವೆಯನ್ನು, ಹಿಂದಿರುಗಿಸಿ ಅದರ ಹರಳೊಂದನ್ನು ಮೆಚ್ಚುತ್ತಾನೆ. ಅವಳು ಅವನ ಗಡಿಯಾರವನ್ನು ಕೊಡುತ್ತಾ, ಐದು ನಿಮಿಷ ಹಿಂದಿತ್ತು, ಸರಿಪಡಿಸಿದ್ದೇನೆ ಎನ್ನುತ್ತಾಳೆ. ಪ್ರೀತಿ ಎಂಬ ಮಾತೇ ಬೇಕಿಲ್ಲದಂತೆ ಪ್ರೇಮನಿವೇದನೆ ಅಲ್ಲಿಗೆ ಮುಗಿದಿರುತ್ತದೆ. ತೆರೆಯ ಮೇಲೆ ಏನು ತೋರಿಸಬಹುದೆಂಬ ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾದ ಮೇಲೆ, 1935ರಲ್ಲಿ, ಈ ಚಿತ್ರದ ಮರುಬಿಡುಗಡೆಗೆ ಅನುಮತಿ ದೊರೆಯಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

2006ರ ‘ಧೂಮ್ 2’ ನಿಮ್ಮ ಕಥೆಗೆ ಇನ್ನೂ ಹತ್ತಿರದ್ದು. ಹೃತಿಕ್ ರೋಷನ್ ಮತ್ತು ಐಶ್ವರ್ಯಾ ರೈ ಅಲ್ಲಿ ಕಳ್ಳರೇ. ಆದರೆ ಆಕೆಯನ್ನು ಪೊಲೀಸರೇ ಕಳುಹಿಸಿರುವುದರಿಂದ, ಕಥೆಯನ್ನು ಎಳೆಯುವುದು ಕೈಚಳಕಕ್ಕಿಂತ ಹೆಚ್ಚಾಗಿ ದ್ರೋಹದ ಭಯ. ಕಿರುಚಿತ್ರದ ಅವಧಿಯಲ್ಲಿ ಅಷ್ಟು ದೊಡ್ಡ ಗುಟ್ಟನ್ನು ಕಟ್ಟಿ ಬಿಚ್ಚುವುದು ಕಷ್ಟ.

ನಿಮಗೆ ಜಾತ್ರೆಯ ಮಹಾದಾಸೋಹವೇ ಇದೆ. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ, ರೊಟ್ಟಿ, ಮಾದಲಿ ಬಡಿಸಿ. ರೊಟ್ಟಿ ಮುರಿಯುವ ಬಲಗೈ ಎಲ್ಲರಿಗೂ ಕಾಣುತ್ತದೆ. ಕದಿಯುವ ಕೆಲಸವೆಲ್ಲ ಎಡಗೈಯದು. ಅವನ ಪಾಕೀಟು, ಅವಳ ಸೊಂಟದ ಎಲೆಯಡಿಕೆ ಸಂಚಿ ಕೈಬದಲಾಗುವುದನ್ನು ಕ್ಯಾಮೆರಾ ಆ ಎಡಗೈಗಳ ಮಟ್ಟದಲ್ಲೇ ನಿಂತು ನೋಡಲಿ, ಮಾತು ಊಟದ ಬಗೆಗಷ್ಟೇ ಇರಲಿ. ಇನ್ನೊಂದು ಮಾತು: ಅಲ್ಲಿ ಉಣ್ಣಲು ಬಂದ ಭಕ್ತರ ಜೇಬಿಗೆ ಅವರು ಕೈಹಾಕಿದರೆ ನಮ್ಮ ಭಾಗದ ಪ್ರೇಕ್ಷಕರು ಅವರನ್ನು ಕ್ಷಮಿಸುವುದಿಲ್ಲ. ಆದ್ದರಿಂದ ಆ ದೃಶ್ಯದಲ್ಲಿ ಅವರಿಬ್ಬರು ಪರಸ್ಪರರಿಂದ ಮಾತ್ರ ಕದಿಯಲಿ.