ಟೆಸ್ಟೋಸ್ಟೆರಾನ್ ಜಾಸ್ತಿ, ವೀರ್ಯಾಣು ಸೊನ್ನೆ: ಇದು ಹೇಗೆ ಡಾಕ್ಟರೇ?

ಪ್ರಶ್ನೆ: ನನಗೆ 29 ವರ್ಷ. ಜಿಮ್ ಗೆಳೆಯನ ಮಾತು ಕೇಳಿ ಐದು ತಿಂಗಳಿಂದ ವಾರಕ್ಕೊಂದು ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನು) ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಮೈ ಚೆನ್ನಾಗಿ ಕಟ್ಟಿದೆ. ಆದರೆ ಮಗುವಾಗಲಿಲ್ಲ ಅಂತ ಪರೀಕ್ಷೆ ಮಾಡಿಸಿದರೆ ವೀರ್ಯಾಣು ಸೊನ್ನೆ! ಬೀಜಗಳೂ ಸಣ್ಣಗಾದಂತಿವೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಮಾತ್ರ ಮಿತಿಗಿಂತ ಜಾಸ್ತಿ ಇದೆ. ರಿಪೋರ್ಟ್ ತಪ್ಪಿರಬಹುದಾ? ಇಂಜೆಕ್ಷನ್ ನಿಲ್ಲಿಸಿದರೆ ಸರಿಹೋಗುತ್ತಾ?
– ಹೆಸರು ಬೇಡ

ಉತ್ತರ: ರಿಪೋರ್ಟ್ ತಪ್ಪಿರುವ ಹಾಗೆ ಕಾಣುವುದಿಲ್ಲ. ಟೆಸ್ಟೋಸ್ಟೆರಾನ್ ಜಾಸ್ತಿ ಇರುವುದರಿಂದಲೇ ವೀರ್ಯಾಣು ಸೊನ್ನೆಯಾಗಿದೆ.

ಮೆದುಳಿನ ಹೈಪೋಥಲಾಮಸ್ ಒಂದೂವರೆ, ಎರಡು ಗಂಟೆಗೊಮ್ಮೆ ಪಿಟ್ಯುಟರಿ ಗ್ರಂಥಿಗೆ ಒಂದು ಸೂಚನೆ ಕಳಿಸುತ್ತದೆ. ಪಿಟ್ಯುಟರಿ ಆಗ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಬಿಡುತ್ತದೆ. ಎಲ್‌ಎಚ್ ಬಂದರೆ ವೃಷಣ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯಲು ನೆರವಾಗುತ್ತದೆ. ಟೆಸ್ಟೋಸ್ಟೆರಾನ್ ಎಷ್ಟು ತಯಾರಾಯಿತು ಅಂತ ಮೆದುಳು ರಕ್ತದಲ್ಲಿ ನೋಡಿಕೊಳ್ಳುತ್ತಲೇ ಇರುತ್ತದೆ. ಟ್ಯಾಂಕರ್ ನೀರು ತಂದು ತೊಟ್ಟಿ ತುಂಬಿಸಿದರೆ ಆಟೋಮ್ಯಾಟಿಕ್ ಪಂಪು ಸುಮ್ನೆ ನಿಂತುಬಿಡುತ್ತದೆ, ಅಲ್ವಾ? ನೀರು ಎಲ್ಲಿಂದ ಬಂತು ಅಂತ ಅದು ಕೇಳುವುದಿಲ್ಲ. ಹಾಗೆಯೇ ಇಂಜೆಕ್ಷನ್‌ನಿಂದ ರಕ್ತ ತುಂಬಿದರೆ ಮೆದುಳೂ ಸೂಚನೆ ನಿಲ್ಲಿಸುತ್ತದೆ. ನಿಮ್ಮ ಎಲ್‌ಎಚ್, ಎಫ್‌ಎಸ್‌ಎಚ್ ಪರೀಕ್ಷೆ ಮಾಡಿಸಿ, ಎರಡೂ ತಳ ಕಂಡಿರುತ್ತವೆ. ಕೆಲಸವಿಲ್ಲದ ವೃಷಣ ಸಣ್ಣಗಾಗುತ್ತದೆ.

'ರಕ್ತದಲ್ಲೇ ಅಷ್ಟೊಂದು ಇದೆಯಲ್ಲ, ವೀರ್ಯಾಣುವಿಗೆ ಅದೇ ಸಾಲದಾ?' ಅಂತ ನೀವು ಕೇಳಬಹುದು. ಸಾಲದು. ವೀರ್ಯಾಣು ಬೆಳೆಯುವ ಜಾಗದಲ್ಲಿ, ಅಂದರೆ ವೃಷಣದ ಒಳಗೆ, ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇರುತ್ತದೆ. ಅಲ್ಲೇ ತಯಾರಾಗಿ ಅಲ್ಲೇ ಉಳಿಯುವುದರಿಂದ ಅಷ್ಟಿರುತ್ತದೆ. ತೊಡೆಗೋ ಸೊಂಟಕ್ಕೋ ಚುಚ್ಚಿದ್ದು ಆ ಮಟ್ಟ ಮುಟ್ಟುವುದಿಲ್ಲ. ಸ್ನಾಯುವಿಗೆ ಹಬ್ಬ, ವೃಷಣಕ್ಕೆ ಉಪವಾಸ.

ನಿಮ್ಮ ಗೆಳೆಯನಿಗೆ ಗೊತ್ತಿರಲಿಕ್ಕಿಲ್ಲ, ವಿಶ್ವ ಆರೋಗ್ಯ ಸಂಸ್ಥೆ ಇದೇ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಕೊಟ್ಟಿದ್ದು ವಾರಕ್ಕೆ 200 ಮಿಲಿಗ್ರಾಂ. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ವೀರ್ಯಾಣು ಸೊನ್ನೆಗೆ ಇಳಿಯಿತು.

ಇನ್ನು ನಿಲ್ಲಿಸುವ ಮಾತು. ನಿಲ್ಲಿಸಲೇಬೇಕು, ಆದರೆ ಡಾಕ್ಟರರ ಕಣ್ಗಾವಲಿನಲ್ಲಿ. ಹೊರಗಿನದು ಖಾಲಿಯಾಗಿ, ಒಳಗಿನದು ಇನ್ನೂ ಶುರುವಾಗದ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳು ಇರುತ್ತವೆ. ಆಗ ಸುಸ್ತು, ಕಾಮಾಸಕ್ತಿ ಇಳಿಯುವುದು, ಮನಸ್ಸು ಮಂಕಾಗುವುದು ಎಲ್ಲಾ ಇದ್ದದ್ದೇ. ಎಷ್ಟೋ ಜನ 'ನನಗೆ ಇದು ಬೇಕೇ ಬೇಕು' ಅಂದುಕೊಂಡು ಮತ್ತೆ ಸೂಜಿ ಹಿಡಿಯುವುದು ಇಲ್ಲೇ. ಮನಸ್ಸು ತೀರಾ ಕುಗ್ಗಿದರೆ ಮನೆಯವರಿಗೂ ಡಾಕ್ಟರಿಗೂ ಕೂಡಲೇ ಹೇಳಿ.

ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಮುಂದಿನ ತಿಂಗಳೇ ಪರೀಕ್ಷೆ ಮಾಡಿಸಿ ಗಾಬರಿಯಾಗಬೇಡಿ. ಹೆಚ್ಚಿನವರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ವೀರ್ಯಾಣು ಮರಳುತ್ತದೆ, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರ ಕಥೆ ಇನ್ನೂ ನಿಧಾನ. ನೀವು ಐದೇ ತಿಂಗಳಲ್ಲಿ ಎಚ್ಚೆತ್ತಿದ್ದು ಒಳ್ಳೆಯದಾಯಿತು.

ಎಚ್‌ಸಿಜಿ, ಕ್ಲೋಮಿಫಿನ್ ಎಂಬ, ವೃಷಣವನ್ನು ಮತ್ತೆ ಕೆಲಸಕ್ಕೆ ಹಚ್ಚುವ ಔಷಧಿ ಅಂತ ಜಿಮ್‌ನಲ್ಲೇ ಯಾರಾದರೂ ಪರಿಹಾರವನ್ನೂ ಕೊಡಲು ಬರುತ್ತಾರೆ. ನಾವೂ ಅವನ್ನು ಬಳಸುತ್ತೇವೆ, ಆದರೆ ರಕ್ತಪರೀಕ್ಷೆ ನೋಡಿಕೊಂಡು. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರ) ಹತ್ತಿರ ಹೋಗಿ, ಏನನ್ನೂ ಮುಚ್ಚಿಡಬೇಡಿ. ಹಿಮೋಗ್ಲೋಬಿನ್ ಕೂಡ ನೋಡಿಸಿ, ಈ ಇಂಜೆಕ್ಷನ್ ರಕ್ತವನ್ನು ಮಂದ ಮಾಡುತ್ತದೆ. ಉಳಿದ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿ ನ್ಯಾಂಡ್ರೋಲೋನ್ (ಮೈ ಕಟ್ಟಲು ಬಳಸುವ ಇನ್ನೊಂದು ಸ್ಟೀರಾಯ್ಡ್) ತರಹದ್ದೇನಾದರೂ ಇದ್ದರೆ ಮೈಯಿಂದ ಹೋಗಲು ಜಾಸ್ತಿ ದಿನ ಬೇಕು, ಆಗ ಮೇಲೆ ಹೇಳಿದ ಲೆಕ್ಕವೂ ಬದಲಾಗುತ್ತದೆ.